ಹನ್ನೊಂದು ಕಂಬಳಿ

ಉಮದಿ
೯ ಜೂನ್ ೧೯೪೮

ದರಿಬಡಚಿಯ ದುಂಡವ್ವನವರಿಗೆ ಉಮದಿ ಶಾಲೆಯ ಮಾಸ್ತರ ಅಣ್ಣಾರಾಯನ ನಮಸ್ಕಾರಗಳು.

ನೀವು ನನ್ನನ್ನು ಒಮ್ಮೆ ಮಾತ್ರ ಕಂಡಿದ್ದೀರಿ. ಯುಗಾದಿಯ ಮರುವಾರ ನಿಮ್ಮ ಕುರಿಹಟ್ಟಿಗೆ ಬಂದಿದ್ದೆ. ನಿಜಾಮನ ಸೀಮೆಯ ಗಲಾಟೆಗೆ ಹೆದರಿ ಮನೆಮಾರು ಬಿಟ್ಟು ಬರುವ ಮಂದಿಗೆ ಉಮದಿಯಲ್ಲಿ ಶಿಬಿರದ ಛಾವಣಿ ಹಾಕಿದ್ದೇವೆ, ಅವರನ್ನು ಭೀಮಾ ಹೊಳೆ ದಾಟಿಸಿ ತರಲು ಗಟ್ಟಿ ಆಳು ಬೇಕು ಎಂದು ಕೇಳಿದೆ. ನಿಮ್ಮ ಕಿರಿಯ ಮಗ ಅಮೋಗಸಿದ್ದ ಮಜ್ಜಿಗೆಯ ತಂಬಿಗೆ ಕೆಳಗಿಟ್ಟು 'ನಾ ಬರ್ತೀನ್ರಿ' ಎಂದ. ನೀವು ನನ್ನ ಕಡೆ ತಿರುಗಿ 'ಜವಾಬ್ದಾರಿ ಯಾರದು?' ಎಂದಿರಿ. 'ನಂದು' ಎಂದೆ. ಅದು ಬಾಯಿಮಾತಲ್ಲ. ಛಾವಣಿಯ ಕಾರ್ಯಕರ್ತರ ಬಂದೋಬಸ್ತು ನನ್ನ ಪಾಲಿಗೇ ಬಂದ ಕೆಲಸ. ಯಾರು ಹೋಗಬೇಕು, ಯಾವ ದಾರಿ, ಎಷ್ಟೊತ್ತಿಗೆ ತಿರುಗಿ ಬರಬೇಕು, ಎಲ್ಲ ನಾನೇ ಗೊತ್ತುಮಾಡುತ್ತೇನೆ.

ಹೋದ ಶುಕ್ರವಾರ ಹನ್ನೊಂದು ಜನ ಆಚೆ ದಂಡೆಗೆ ಹೋಗಿದ್ದರು. ಅಮೋಗಸಿದ್ದ ತಿರುಗಿ ಬರಲಿಲ್ಲ. ನಮ್ಮ ನಿಯಮ ಮೀರಿ, ಯಾರಿಗೂ ತಿಳಿಸದೆ ಅವನು ಆಚೆಯೇ ಉಳಿದ. ಅವನ ಸುದ್ದಿ ಇನ್ನೂ ಬಂದಿಲ್ಲ. ಇದನ್ನು ಬರೆಯಬೇಕಾದದ್ದಕ್ಕೆ ನನಗೆ ತುಂಬ ದುಃಖವಿದೆ.

ಅವನ ಕಂಬಳಿಯನ್ನು ಬಂಡಿಯ ತುಕಾರಾಮನ ಕೈಯಲ್ಲಿ ಕಳಿಸಿದ್ದೇನೆ. ಧೈರ್ಯವಾಗಿರಿ.

ಇಂತಿ,
ಅಣ್ಣಾರಾಯ

•

ದರಿಬಡಚಿ
೧೯ ಜೂನ್ ೧೯೪೮

ಮಾಸ್ತರ್ರಿಗೆ ದುಂಡವ್ವ ಹೇಳಿ ಬರೆಸೂದು.

ವಿಠೋಬ ಶಿಂಪಿಗ ಬರ್ಯಾಕ ಕುಂತಾನ. ಚಂದ ಮಾಡಿ ಬರೀತೀನಿ ಅಂತಾನ. ನಾ ಬ್ಯಾಡ ಅಂದೀನಿ. ಅಂಗಿ ಅರಬಿ ಕತ್ತರಿಸಿದಂಗ ನನ್ನ ಮಾತ ಕತ್ತರಿಸಬ್ಯಾಡ, ಹೇಳಿದಂಗ ಬರಿ ಅಂದೀನಿ.

ಕಂಬಳಿ ಮುಟ್ಟೇತಿ. ನಾನೇ ನೂತ ಉಣ್ಣಿ ಅದು, ಅಂಚಿನ್ಯಾಗ ಬಿಳಿ ಎಳಿ ಎರಡ ಹಾಕಿಸಿದ್ದೆ. ಹೆಂಗ ಬಂತ್ರಿ ಅದು? ಅಂವ ಆಚಿ ದಂಡ್ಯಾಗ ಉಳದ, ಅಂವ ಹೊತಗೊಂಡ ಕಂಬಳಿ ಈಚಿ ಬಂತು. ಕಂಬಳಿಗೇನ ಕಾಲ ಅದಾವೇನು? ಕುರಿ ಕಾಯಾಂವ ಹೆಂಡ್ತಿನ ಬಿಟ್ಟಾನು, ಕಂಬಳಿ ಬಿಡೂದಿಲ್ಲ. ನೀವು ನಾಕ ಸಾಲ ಬರದೀರಿ, ಅದರಾಗ ಇದೊಂದ ಬರದಿಲ್ಲ.

ಇನ್ನೊಂದ ಮಾತು. ಕಂಬಳಿಗಿ ಹೆಣ್ಣಮಕ್ಕಳ ತಲಿ ಎಣ್ಣಿ ವಾಸನಿ ಐತಿ. ಅದು ನನ್ನ ಸೊಸಿ ಸಾವಿತ್ರವ್ವಗ ಮೊದಲ ತಿಳೀತು. ಮೂಗಿಗಿ ಹಿಡದಾಕಿ ಹಂಗ ಕೆಳಗ ಇಟ್ಟಳು. ಆವತ್ತಿಂದ ಅಕಿ ಬಾಯಿ ತಗದಿಲ್ಲ. ಬ್ಯಾಸರಕಿ ಆದಾಗ ನಗಸಾಕಿ ಅಕಿ, ಈಗ ರೊಟ್ಟಿ ಬಡಿಯೂ ಸಪ್ಪಳ ಒಂದ ಕೇಳತೈತಿ ಮನ್ಯಾಗ.

ನಿಯಮ ಮೀರಿದ ಅಂತ ಬರದೀರಿ. ಸಣ್ಣಾಂವ ಇದ್ದಾಗಿಂದ ನಾ ಇಲ್ಲಿ ನಿಂದ್ರು ಅಂದ್ರ ಸಂಜೀತನ ನಿಂದ್ರತಿದ್ದ. ಅಂಥಾಂವ ಮೀರ್ತಾನೇನ್ರಿ?

ಕಂಬಳಿ ಹೆಂಗ ಬಂತು, ಅದಷ್ಟ ಬರೀರಿ.

ಹೇಳಿದಾಕಿ ದುಂಡವ್ವ
ಕೈಬರಹ ಶಿಂಪಿಗರ ವಿಠೋಬನದು

•

ಉಮದಿ
೨ ಜುಲೈ ೧೯೪೮

ದುಂಡವ್ವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದೆ. ಕೇಳಿದ್ದಕ್ಕೆ ಉತ್ತರ ಕೊಡಬೇಕಾದದ್ದು ನನ್ನ ಧರ್ಮ. ಮೊದಲು ನಮ್ಮ ಕೆಲಸದ ರೀತಿ ಹೇಳುತ್ತೇನೆ, ಆಗ ನಿಮಗೇ ತಿಳಿದೀತು.

ಆಚೆಯ ಹಳ್ಳಿಗಳ ದಾರಿಯಲ್ಲಿ ಬಂದೂಕಿನವರು ಕಾವಲಿದ್ದಾರೆ. ಪಂಚೆ, ಟೊಪ್ಪಿಗೆಯವರನ್ನು ತಡೆದು ನಿಲ್ಲಿಸುತ್ತಾರೆ. ಕುರಿ ಕಾಯುವವರನ್ನು ಮಾತ್ರ ಕೇಳುವುದಿಲ್ಲ. ಅದಕ್ಕೆ ನಮ್ಮ ಹನ್ನೊಂದು ಜನರೂ ಕರಿ ಕಂಬಳಿ ಹೊದ್ದು, ಕೋಲು ಹಿಡಿದು ಹೋಗುತ್ತಿದ್ದರು. ಊರು ಬಿಟ್ಟು ಬರುವವರನ್ನು ಇಬ್ಬಿಬ್ಬರಂತೆ ಅಡ್ಡದಾರಿಯಿಂದ ಹೊಳೆಗೆ ತರುತ್ತಿದ್ದರು. ಕಂಬಳಿಯೇ ಅವರ ರಕ್ಷೆ. ಅದನ್ನು ಯಾರಿಗೂ ಕೊಡಕೂಡದು ಎಂಬುದು ಮೊದಲ ನಿಯಮ.

ಹೊತ್ತು ಮುಳುಗುವ ಮುಂಚೆ ಎಲ್ಲರೂ ಈಚೆ ದಂಡೆಗೆ ಬಂದಿರಬೇಕು. ಅಲ್ಲಿ ನಾನು ಎಣಿಸುತ್ತೇನೆ. ಹೆಸರು ಕೂಗುವಂತಿಲ್ಲ, ಏಕೆಂದರೆ ನೀರಿನ ಮೇಲೆ ದನಿ ದೂರ ಹೋಗುತ್ತದೆ, ಆಚೆಯವರಿಗೆ ನಮ್ಮ ಹೆಸರೂ ಲೆಕ್ಕವೂ ಗೊತ್ತಾಗುತ್ತವೆ. ಆದ್ದರಿಂದ ಯಾರೂ ಬಾಯಿ ಬಿಡಕೂಡದು, ಸಾಲಾಗಿ ಕೂಡಬೇಕು, ನಾನು ಕಂಬಳಿ ಎಣಿಸುತ್ತೇನೆ. ಒಬ್ಬ ಕಡಿಮೆಯಾದರೆ ನಾಲ್ಕು ಜನ ತಿರುಗಿ ಹೋಗಬೇಕು. ಉಳಿದವನು ಆಚೆ ದಂಡೆಯ ಬನ್ನಿಗಿಡದ ಹತ್ತಿರ ಕಾಯಬೇಕು, ಅಲ್ಲಿಂದ ಕದಲಕೂಡದು. ಈ ನಿಯಮಗಳನ್ನು ಮಾಡಿದವನು ನಾನು. ಎರಡು ತಿಂಗಳಲ್ಲಿ ಒಬ್ಬನಿಗೂ ಮುಳ್ಳು ಚುಚ್ಚಿರಲಿಲ್ಲ. ಛಾವಣಿ ನಡೆಸುವ ಸಮಿತಿಯವರು ಬೇರೆ ಛಾವಣಿಗಳಿಗೂ ಇದನ್ನೇ ಬರೆದು ಕಳಿಸಿದರು. ಹೇಳಿಕೊಳ್ಳಬಾರದು, ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ದಿನ ಕಂಬಳಿ ಹನ್ನೊಂದೂ ಇದ್ದವು. ಬಂಡಿ ಹೂಡಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ, ಒಂದು ಕಂಬಳಿಯೊಳಗೆ ಇಂದ್ರಾಬಾಯಿ ಎಂಬ ಹೆಣ್ಣುಮಗಳಿದ್ದಳು, ಆಚೆ ಊರಿನ ವ್ಯಾಪಾರಸ್ಥರ ಮನೆಯಾಕೆ. ನಿಮ್ಮ ಮಗ ತನ್ನ ಕಂಬಳಿಯನ್ನು ಆಕೆಗೆ ಹೊದಿಸಿ ಮುಂದೆ ಕಳಿಸಿ, ತಾನು ಹಿಂದೆ ಉಳಿದಿದ್ದ. ಎಣ್ಣೆಯ ವಾಸನೆ ಅದೇ. ಸಾವಿತ್ರವ್ವನವರು ಬೇರೆ ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಅವನ ಉದ್ದೇಶ ಒಳ್ಳೆಯದೇ ಇದ್ದೀತು. ಆದರೂ ನಿಯಮ ನಿಯಮವೇ. ಸಮಿತಿಗೆ ಕೊಟ್ಟ ವರದಿಯಲ್ಲೂ ನಾನು ಹೀಗೆಯೇ ಬರೆದಿದ್ದೇನೆ.

ಇಂತಿ,
ಅಣ್ಣಾರಾಯ

•

ದರಿಬಡಚಿ
೨೩ ಆಗಸ್ಟ್ ೧೯೪೮

ಮಾಸ್ತರ್ರಿಗೆ ದುಂಡವ್ವ.

ಆಗಸ್ಟ್ ಹದಿನೈದಕ್ಕ ಉಮದ್ಯಾಗ ಝಂಡಾ ಏರಿಸಿ, ಹೊಳಿ ದಾಟಿ ಮಂದಿ ತಂದವರ ಹೆಸರ ಓದಿದ್ರಂತ. ಹತ್ತ ಹೆಸರ. ನನ್ನ ಹಿರಿ ಮಗ ಲಗಮಣ್ಣ ಅಲ್ಲೇ ನಿಂತಿದ್ದ, ತಮ್ಮನ ಹೆಸರ ಈಗ ಬರತೈತಿ ಈಗ ಬರತೈತಿ ಅಂತ. ಬರಲಿಲ್ಲ. ಮನಿಗಿ ಬಂದಾಂವ ತಲಿ ಪಟಗಾ ಬಿಚ್ಚಿ ಒಗದ.

ಊರ ಬಾಯಿಗಿ ಅಗಸಿ ಬಾಗಲಾ ಇಲ್ರಿ ಮಾಸ್ತರ್ರ. ಆ ಕಡಿ ಯಾವಾಕಿನೋ ಕಟಗೊಂಡಾನ ಅಂತಾರ ಒಬ್ಬರು. ಲೂಟಿ ಮಾಡಾಕ ಹತ್ತಿ ತಲಿ ತಪ್ಪಿಸಿಕೊಂಡಾನ ಅಂತಾರ ಇನ್ನೊಬ್ಬರು. ನಿಯಮ ಮೀರಿದ ಅಂತ ಮಾಸ್ತರ ಬರದಾರಂತ, ಸಾಲಿ ಕಲತವರು ಸುಳ್ಳ ಬರೀತಾರೇನು ಅಂತ ನನಗ ತಿರುಗಿ ಕೇಳತಾರ. ಏನ ಹೇಳಲಿ?

ನಿಮ್ಮ ಎಣಿಕಿ ಬಗ್ಗೆ ಓದಿಸಿ ಕೇಳಿದೆ. ನಮ್ಮ ಮಾವಗ ಇಪ್ಪತ್ತರ ಮ್ಯಾಲ ಎಣಿಕಿ ಬರ್ತಿರಲಿಲ್ಲ, ಮುನ್ನೂರ ಕುರಿ ಕಾದ. ಸಂಜಿಕ ಹಟ್ಟಿ ಬಾಗಲದಾಗ ನಿಂತ ಒಂದೊಂದರ ಮಾರಿ ನೋಡಾಂವ. ಎಷ್ಟ ಕಡಿಮಿ ಅಂತ ಅವಗ ಗೊತ್ತಾಗತಿರಲಿಲ್ಲ, ಯಾವದ ಇಲ್ಲ ಅಂತ ಗೊತ್ತಾಗತಿತ್ತು. ಉಣ್ಣಿ ಎಣಿಸಿದ್ರ ಕುರಿ ಎಣಿಸಿದಂಗ ಆಕೈತೇನ್ರಿ? ಇರಲಿ. ಆ ಜಗಳಕ್ಕ ಕಾಗದ ಬರಸಿಲ್ಲ.

ಬರಸಿದ್ದು ಸೊಸಿ ಸಲುವಾಗಿ. ಸಾವಿತ್ರವ್ವಗ ಈಗ ಇಪ್ಪತ್ತ. ಗಂಡ ಇದ್ದಾನಂದ್ರ ಇಲ್ಲ, ಸತ್ತಾನಂದ್ರ ಸುದ್ದಿ ಇಲ್ಲ. ಯಳವಿಯ ಬಸಗೊಂಡ ಅಂತ, ಹೆಂಡ್ತಿ ತೀರಿದಾಂವ, ಚಲೋ ಮನಶ್ಯಾ, ಉಡಿಕಿ ಮಾಡಿಕೋತೀನಿ ಅಂತ ಹೇಳಿ ಕಳಿಸ್ಯಾನ. ನಮ್ಮಾಗ ಗಂಡ ಸತ್ತಾಕಿ ಉಡಿಕಿ ಆಗಾಕ ಅಡ್ಡಿ ಇಲ್ಲ. ಆದರ ಪಂಚರು ಕೂತು ಹೇಳ್ಯಾರ, ಕರಕೊಂಡ ಹೋದಾಂವ ಬಂದು, ನಮ್ಮ ಬೀರಪ್ಪನ ಗುಡಿ ಮುಂದ ನಿಂತು, ಅಮೋಗಸಿದ್ದ ಇಲ್ಲ ಅಂತ ಬಾಯಿಲೆ ಹೇಳಬೇಕು, ಹೆಂಗ ಇಲ್ಲ ಅದನ್ನೂ ಹೇಳಬೇಕು ಅಂತ. ಅಲ್ಲೀತನ ಬಳಿ ಒಡೀಬಾರದು.

ನನಗ ಮಗನ ಮ್ಯಾಲಿನ ಆಸೆ ಬಿಟ್ಟಿಲ್ಲ. ಆದರ ನನ್ನ ಆಸೆಗಿ ಆ ಕೂಸಿನ ಬಾಳ್ವಿ ಯಾಕ ಕಟ್ಟಿ ಹಾಕಲಿ? ಇದ್ದರ ಅದಾನ ಅನ್ರಿ. ಇಲ್ಲಂದ್ರ ಇಲ್ಲ ಅನ್ರಿ. ಜವಾಬ್ದಾರಿ ನಂದು ಅಂದಿದ್ರಿ.

ಹೇಳಿದಾಕಿ ದುಂಡವ್ವ
ಇದನ್ನು ಬರೆಯುವಾಗ ಅವ್ವ ಎರಡು ಸಲ ಎದ್ದು ಹೊರಗೆ ಹೋಗಿ ಬಂದಳು. ವಿಠೋಬ

•

ಉಮದಿ
೩೦ ಆಗಸ್ಟ್ ೧೯೪೮

ದುಂಡವ್ವನವರಿಗೆ,

ಖಾತ್ರಿಯಾದ ಸುದ್ದಿ ನನಗಿಲ್ಲ. ಗೊತ್ತಿಲ್ಲದ್ದನ್ನು ದೇವರ ಮುಂದೆ ನಿಂತು ಹೇಗೆ ಹೇಳಲಿ? ಶಾಲೆಯ ಕೆಲಸವೂ ಬಹಳವಿದೆ. ಸದ್ಯ ಬರಲಾಗುವುದಿಲ್ಲ. ಕ್ಷಮಿಸಬೇಕು.

ಅಣ್ಣಾರಾಯ

•

ಭೀಮಾತೀರದಿಂದ
೧೨ ಡಿಸೆಂಬರ್ ೧೯೪೮

ಅಣ್ಣಾರಾಯ ಮಾಸ್ತರರಿಗೆ ಇಂದ್ರಾಬಾಯಿಯ ಶರಣು ಶರಣಾರ್ಥಿ.

ನಿಜಾಮನ ರಾಜ್ಯ ಮುಗಿದ ಮೇಲೆ ದೀಪಾವಳಿಗೆ ನಾವು ನಮ್ಮೂರಿಗೆ ತಿರುಗಿ ಬಂದೆವು. ಮನೆಯ ಬಾಗಿಲು, ಕಿಟಕಿ ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಗೋಡೆ ಇವೆ. ಸುಮಾರು ಐದು ತಿಂಗಳು ನಿಮ್ಮ ಛಾವಣಿಯ ಅನ್ನ ತಿಂದವಳು ನಾನು, ಅದನ್ನು ಮರೆಯುವುದಿಲ್ಲ. ಈಗ ಬರೆಯುವುದನ್ನು ಆ ಋಣ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನನ್ನ ಮಾವನವರು ಬದುಕಿದ್ದಾರೆ. ಆ ಶುಕ್ರವಾರ ನಡೆಯಲಾಗದೆ ಹಿಂದೆ ಬಿದ್ದ ಮುದುಕರು ಇವರೇ. ನಿಮ್ಮ ಹುಡುಗ ತನ್ನ ಕಂಬಳಿ ನನ್ನ ತಲೆಯ ಮೇಲೆ ಹಾಕಿ, 'ಮುಸಕ ಹಾಕ್ಕೊಂಡ ಹೋಗಬಿಡಕ್ಕಾ, ಕುರಿಯವರ ಪೈಕಿ ಅಂತ ಬಿಡ್ತಾರ. ನಾ ಅಜ್ಜನ ಹೊತಗೊಂಡ ಬರ್ತೀನಿ. ಹೊಳಿ ದಾಟಿದ ಕೂಡಲೆ ಮಾಸ್ತರ್ಗ ಹೇಳು, ಅಮೋಗಸಿದ್ದ ಬನ್ನಿಗಿಡದ ಹತ್ತರ ಅದಾನಂತ' ಎಂದ.

ಮಾಸ್ತರರೇ, ನಾನು ಹೇಳಲಿಲ್ಲವೇ? ಸಾಲಿನಲ್ಲಿ ಕೂತಿದ್ದೆ. ನೀವು ಬೆರಳು ಮಾಡಿ ಎಣಿಸುತ್ತ ಬಂದಿರಿ. ನಾನು ಎದ್ದು, 'ಅಣ್ಣಾ, ಅಲ್ಲೊಬ್ಬಾಂವ' ಎಂದೆ. ನೀವು ನನ್ನ ಮುಖ ನೋಡಲಿಲ್ಲ. ಹೆಗಲು ಹಿಡಿದು ಕೂಡಿಸಿ, 'ಬಾಯಿ ಮುಚ್ಚು, ಎಣಿಕಿ ಸರಿ ಐತಿ' ಎಂದಿರಿ. ಹೆಣ್ಣುದನಿ ಎಂಬುದೂ ನಿಮಗೆ ತಿಳಿಯಲಿಲ್ಲವೇನೋ. ಅಷ್ಟು ಅವಸರದಲ್ಲಿ ಇದ್ದಿರಿ. ನಾನು ಇನ್ನೊಮ್ಮೆ ಹೇಳಬೇಕಾಗಿತ್ತು. ಚೀರಬೇಕಾಗಿತ್ತು. ಹೆದರಿ ಸುಮ್ಮನಾದೆ. ಆ ಪಾಪ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆ ರಾತ್ರಿ ನಮ್ಮೂರ ಅಂಬಿಗ ಸೋಮನಿಂಗಪ್ಪ, ಅವನು ಬನ್ನಿಗಿಡದ ತನಕ ಹೊತ್ತು ತಂದಿದ್ದ ಮಾವನವರನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು ಕೆಳಗಿನ ಊರಿಗೆ ಒಯ್ದು ಉಳಿಸಿದ. ಆ ಹುಡುಗನನ್ನೂ ಕರೆದನಂತೆ. ಅವನು ಹತ್ತಲಿಲ್ಲ. 'ನಾ ಇಲ್ಲಿ ಇರದಿದ್ರ ನನ್ನ ಹುಡುಕಾಕ ಬಂದ ನಾಕ ಮಂದಿ ಸಿಕ್ಕೊಂಡ ಬೀಳ್ತಾರ. ಮಾಸ್ತರ್ರು ಕಳಸ್ಯಾರ, ಬರ್ತಿರತಾರ' ಎಂದನಂತೆ. ಮರುದಿನ ಬಂದೂಕಿನವರ ಗುಂಡಿಗೆ ಸಿಕ್ಕ. ಸೋಮನಿಂಗಪ್ಪನೇ ಅವನನ್ನು ದಂಡೆಯ ಮೇಲೆ ಮಣ್ಣು ಮಾಡಿದ್ದಾನೆ.

ಅವನು ನಿಯಮ ಮೀರಿದ ಎಂದು ನೀವು ವರದಿ ಬರೆದಿರಿ ಎಂದು ಛಾವಣಿಯಲ್ಲಿ ಕೇಳಿದ್ದೆ. ಅವನ ತಾಯಿಗೂ ಹಾಗೆಯೇ ಬರೆದಿದ್ದೀರಾ? ಆಕೆಯ ಊರು ನನಗೆ ಗೊತ್ತು, ಹೆಸರೂ ಗೊತ್ತು. ನಾನೇ ಬರೆಯಬಲ್ಲೆ. ಆದರೆ ಇದು ನಿಮ್ಮ ಕೈಯಿಂದ ಹೋಗಬೇಕಾದ ಕಾಗದ. ಸಂಕ್ರಾಂತಿಯ ತನಕ ನೋಡುತ್ತೇನೆ.

ಇಂದ್ರಾಬಾಯಿ

•

ಉಮದಿ
೧೧ ಜನವರಿ ೧೯೪೯

ಅವ್ವಾ,

ಇದನ್ನು ವಿಠೋಬ ನಿಮಗೆ ಓದಿ ಹೇಳುವಾಗ ಸಾವಿತ್ರವ್ವನೂ ಲಗಮಣ್ಣನೂ ಅಲ್ಲಿರಲಿ.

ಅಮೋಗಸಿದ್ದ ಇಲ್ಲ. ಜೂನ್ ಐದನೆಯ ತಾರೀಖು ಶನಿವಾರ ತೀರಿಕೊಂಡ. ನಾನು ಹೋದ ವಾರ ಹೊಳೆಗೆ ಹೋಗಿ, ಅವನನ್ನು ಮಣ್ಣು ಮಾಡಿದ ಅಂಬಿಗ ಸೋಮನಿಂಗಪ್ಪನನ್ನು ಕಂಡು ಬಂದೆ. ಮಣ್ಣು ಮಾಡಿದ ಜಾಗವನ್ನೂ ಕಂಡೆ. ಎತ್ತರದ ದಂಡೆ, ನೀರು ಏರುವುದಿಲ್ಲ. ಸುತ್ತ ಕಲ್ಲು ಇಟ್ಟಿದ್ದಾನೆ.

ಕಂಬಳಿ ಕೊಟ್ಟದ್ದೊಂದು ಬಿಟ್ಟರೆ, ಅದೂ ಒಂದು ಜೀವ ಉಳಿಸಲು, ನಿಮ್ಮ ಮಗ ನಿಯಮ ಮೀರಲಿಲ್ಲ. ನಾನು ಸುಳ್ಳು ಬರೆದೆ. ಯಾರಿಗೂ ತಿಳಿಸದೆ ಉಳಿದ ಎಂದು ಬರೆದೆ, ಅದೂ ಸುಳ್ಳು. ನಡೆಯಲಾಗದ ಮುದುಕರೊಬ್ಬರನ್ನು ಹೊತ್ತು ತರಲು ಉಳಿದವನು, ಕಂಬಳಿ ಹೊದ್ದು ಬಂದ ಅವರ ಸೊಸೆಯ ಕೈಯಲ್ಲಿ ಹೇಳಿ ಕಳಿಸಿದ್ದ. ಆಕೆ ಎದ್ದು ಹೇಳಿದಳು. ನಾನು ಆಕೆಯ ಹೆಗಲು ಅದುಮಿ ಕೂಡಿಸಿದೆ. ಕಂಬಳಿ ಹನ್ನೊಂದಾಗಿದ್ದವು, ನನಗೆ ಅಷ್ಟು ಸಾಕಾಗಿತ್ತು. ನಾನು ಮಾಡಿದ ನಿಯಮದಲ್ಲಿ ಯಾರೂ ಮಾತಾಡುವಂತಿರಲಿಲ್ಲ ನೋಡಿ.

ನಿಮ್ಮ ಮೊದಲ ಕಾಗದದಲ್ಲಿ ಕಂಬಳಿ ಹೇಗೆ ಬಂತು ಎಂದು ಕೇಳಿದಿರಲ್ಲ, ಆಗಲೇ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆದರೂ ಉತ್ತರದಲ್ಲಿ ಅವನ ಮೇಲೇ ಹಾಕಿದೆ.

ಇದಕ್ಕಿಂತ ದೊಡ್ಡದೊಂದಿದೆ. ಶನಿವಾರ ಬೆಳಗಾದಾಗ ನಾವು ಹೊಳೆಯಿಂದ ನಾಲ್ಕು ಹರದಾರಿ ಬಂದಿದ್ದೆವು. ಬಂಡಿ ನಿಲ್ಲಿಸಿ ಮುಖ ತೊಳೆಯುವಾಗ ಇಂದ್ರಾಬಾಯಿ ಮುಸುಕು ತೆಗೆದಳು. ಎಲ್ಲ ತಿಳಿಯಿತು. ನಾಲ್ಕು ಜನ ತಿರುಗಿ ಹೋಗಬೇಕು, ಮೇಲಿನ ಹಾದಿಯಲ್ಲಿ ಹೊಳೆ ದಾಟಿ, ಜಾಲಿಗಿಡದ ಮರೆಯಿಂದ ಬನ್ನಿಗಿಡಕ್ಕೆ ಬರಬೇಕು ಎಂದು ನಾನೇ ಗೊತ್ತುಮಾಡಿದ್ದೆನಲ್ಲ. ನಾಲ್ಕು ಜನ ಕೇಳದೆಯೇ ಕೋಲು ಹಿಡಿದು ನಿಂತರು. ನಾನು ಬೇಡ ಎಂದೆ. ಬಂಡಿಗಳಲ್ಲಿ ಅರವತ್ತು ಮಂದಿ, ಹೆಂಗಸರು, ಕೂಸುಗಳು. ದಾರಿಯಲ್ಲಿ ದರೋಡೆ ಇದೆ ಎಂಬ ಗಾಳಿಸುದ್ದಿ. ಹತ್ತು ಜನರಲ್ಲಿ ನಾಲ್ವರು ಹೋದರೆ ಕಾಯುವವರು ಆರೇ. ಹೀಗೆ ಲೆಕ್ಕ ಹಾಕಿದೆ. 'ಅಂವಾ ಚಲಾಕ ಅದಾನ, ಹೆಂಗರೆ ಬರ್ತಾನ' ಎಂದು ಅವರಿಗೆ ಹೇಳಿ ಬಂಡಿ ಹೊಡೆಸಿದೆ. ದರೋಡೆ ಎಲ್ಲೂ ಆಗಲಿಲ್ಲ.

ಆ ನಾಲ್ವರು ಹೋಗಿದ್ದರೆ ಮಧ್ಯಾಹ್ನದೊಳಗೆ ಅವನ ಹತ್ತಿರ ಇರುತ್ತಿದ್ದರು. ಬಂದೂಕಿನವರು ಬಂದದ್ದು ಹೊತ್ತು ಇಳಿದ ಮೇಲೆ. ಅದನ್ನು ಅಂಬಿಗನ ಬಾಯಿಂದ ಕೇಳಿದಾಗ ನಾನು ಹೊಳೆಯ ಮರಳಲ್ಲಿ ಕೂತುಬಿಟ್ಟೆ.

ಅಂಬಿಗ ಹರಿಗೋಲಿಗೆ ಕರೆದರೂ ಅವನು ಹತ್ತಲಿಲ್ಲ. ತಾನು ಅಲ್ಲಿ ಸಿಗದಿದ್ದರೆ ಹುಡುಕಲು ಬಂದ ನಾಲ್ವರು ಅಪಾಯಕ್ಕೆ ಬೀಳುತ್ತಾರೆ ಎಂದನಂತೆ. ನಿಂದ್ರು ಅಂದರೆ ಸಂಜೆತನಕ ನಿಲ್ಲುವ ಹುಡುಗ ಎಂದು ಬರೆಸಿದ್ದಿರಿ. ನನ್ನ ನಿಯಮವನ್ನು ಪೂರ್ತಿ ನಂಬಿದವನು ಅವನೊಬ್ಬನೇ. ನಾನೇ ಅಷ್ಟು ನಂಬಿರಲಿಲ್ಲ.

ಛಾವಣಿ ಮುಚ್ಚಿದೆ. ನಾನು ಶಾಲೆಗೆ ಹೋಗುತ್ತೇನೆ, ಹಾಜರಿ ಕೂಗಲು ಬಾಯಿ ಬರುವುದಿಲ್ಲ. ಸಾಲಿನಲ್ಲಿ ನಡೆದು ಹುಡುಗರ ತಲೆ ಮುಟ್ಟಿ ಮುಖ ನೋಡುತ್ತೇನೆ. ಮಾಸ್ತರಿಗೆ ಗಾಳಿ ಬಡಿದಿದೆ ಎಂದು ಅವರು ಮನೆಯಲ್ಲಿ ಹೇಳಿದ್ದಾರೆ, ನನ್ನ ಹೆಂಡತಿ ಮಲಕವ್ವ ಎರಡು ಸಲ ನಿವಾಳಿಸಿ ಚೆಲ್ಲಿದಳು. ಸಂತೆಯಲ್ಲಿ ಕರಿ ಕಂಬಳಿಯವರು ಕೂತಿದ್ದರೆ ನನಗರಿವಿಲ್ಲದೆ ಎಣಿಸಲು ಹತ್ತುತ್ತೇನೆ. ಹನ್ನೊಂದು ಬಂದರೆ ಒಬ್ಬೊಬ್ಬರ ಮುಂದೆ ಹೋಗಿ ಬಗ್ಗಿ ಮುಖ ನೋಡುತ್ತೇನೆ. ಜನ ಬೈಯುತ್ತಾರೆ. ಬೈಯಲಿ.

ಸಮಿತಿಗೆ ಹೊಸ ವರದಿ ಬರೆದು ಕಳಿಸಿದ್ದೇನೆ. ಬರುವ ಸೋಮವಾರದ ಮುಂದಿನ ಸೋಮವಾರ ದರಿಬಡಚಿಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೇ ಬೀರಪ್ಪನ ಮುಂದೆ, ಪಂಚರ ಮುಂದೆ ಹೇಳುತ್ತೇನೆ. ನಿಮ್ಮವರು ಏನು ಮಾಡಿದರೂ ಸರಿ.

ಅಣ್ಣಾರಾಯ

•

ದರಿಬಡಚಿ
೩ ಫೆಬ್ರುವರಿ ೧೯೪೯

ಮಾಸ್ತರ್ರಿಗೆ ದುಂಡವ್ವ ಹೇಳಿ ಬರೆಸೂದು.

ನೀವು ಬಂದ್ರಿ, ಹೇಳಿದ್ರಿ, ಹೋದ್ರಿ. ಲಗಮಣ್ಣ ಕೊಡಲಿ ತಗೊಂಡ ಗುಡಿಗಿ ಹೊಂಟಿದ್ದ, ನಾ ಕಸಗೊಂಡ ಅಡಗಿಸಿ ಇಟ್ಟಿದ್ದೆ. ನಿಮ್ಮ ಸಲುವಾಗಿ ಅಲ್ಲ. ಒಬ್ಬ ಮಗನ ಮಣ್ಣಿಗಿ ಕೊಟ್ಟೀನಿ, ಇನ್ನೊಬ್ಬನ ಜೇಲಿಗಿ ಕೊಡೂದ ಬ್ಯಾಡ ಅಂತ.

ಸಾವಿತ್ರವ್ವ ಆವತ್ತ ಬಳಿ ಒಡಕೊಂಡಳು. ಎಂಟ ತಿಂಗಳಿಂದ ಅಳಲಾರದ್ದು ಎಲ್ಲಾ ಅತ್ತಳು. ಆಮ್ಯಾಲ ಗ್ವಾಡಿ ಮಾಡದಾಗಿನ ಕಂಬಳಿ ತಗದ ಮಾರಿಗಿ ಒತ್ತಿ ಹಿಡಕೊಂಡಳು. ಆ ಎಣ್ಣಿ ವಾಸನಿಗಿ ಅಷ್ಟ ದಿನ ಮನಸಿನ್ಯಾಗ ಎಷ್ಟ ಬೈದಿದ್ಲೋ, ಈಗ ಅದನ್ನ ತೊಳೀಬ್ಯಾಡ ಅತ್ತಿ ಅಂತಾಳ. ಲಗಮಣ್ಣ ಹೊಳಿಗಿ ಹೋಗಿ ಮಣ್ಣಿಗಿ ಹಾಲ ಹಾಕಿ ಬಂದ. ಯುಗಾದಿ ಆದ ಮ್ಯಾಲ ಬಸಗೊಂಡನ ಜೋಡಿ ಉಡಿಕಿ. ಅಕಿ ಹೂಂ ಅಂದಾಳ. ಮಗಳನ್ನ ಕಳಿಸಿದಂಗ ಕಳಸ್ತೀನಿ. ಊರಾಗ ಈಗ ಯಾರೂ ನನ್ನ ಮಗನ ಹೆಸರ ಕೆಟ್ಟ ಬಾಯಿಲೆ ತಗೊಳ್ಳೂದಿಲ್ಲ. ಅದು ನಿಮ್ಮ ಬಾಯಿಂದ ಆತು, ಆತಂತ ಹೇಳ್ತೀನಿ.

ಪಂಚರು ಮಾಸ್ತರ್ಗ ಮಾಫ ಮಾಡಬೇ ಅಂತ ಕೇಳಿದ್ರು. ನಾ ಎದ್ದ ಬಂದೆ. ನೀವು ನೋಡಿದ್ರಿ. ಅದು ನನ್ನ ಕಡಿಂದ ಆಗೂದಿಲ್ರಿ. ಆಗತೈತಿ ಅಂತ ಸುಳ್ಳ ಹೇಳಾಕ ಬರೂದಿಲ್ಲ ನನಗ.

ಒಂದ ಕೇಳೂದೈತಿ. ಗುಡಿ ಮುಂದ ಕೇಳಬೇಕಂದೆ, ಅಷ್ಟರಾಗ ಎದ್ದ ಬಂದಿದ್ದೆ. ಶುಕ್ರವಾರ ಸಂಜಿಂದ ಶನಿವಾರ ಹೊತ್ತ ಇಳಿಯೂತನ ಅಂವ ಒಬ್ಬನ ಕುಂತಾನ. ಉಂಡಿಲ್ಲ, ಹೊದಿಯಾಕ ಇಲ್ಲ. ಬರ್ತಾರ ಬರ್ತಾರ ಅಂತ ದಾರಿ ನೋಡ್ಯಾನ. ಯಾವಾಗರೆ ಅವಗ ತಿಳೀತೇನ್ರಿ, ನೀವು ಬರೂದಿಲ್ಲ ಅಂತ? ತನ್ನ ಬಿಟ್ಟ ಹೋಗ್ಯಾರ ಅನ್ನೂದ ತಿಳದ ಸತ್ತಾನೇನು ನನ್ನ ಮಗ?

ಸತ್ತದ್ದನ್ನ ತಡಕೊಂಡೀನಿ. ಇದನ್ನ ತಡಕೊಳ್ಳ ಆಗವಲ್ದು. ಒಲಿ ಮುಂದ ಕುಂತರೂ ಇದ, ಕುರಿ ಹಾಲ ಹಿಂಡಾಕ ಕುಂತರೂ ಇದ. ನಿಮಗ ಗೊತ್ತಿದ್ರ ಬರೀರಿ. ಗೊತ್ತಿಲ್ಲಂದ್ರ ಸುಮ್ಮ ಇರ್ರಿ, ನನ್ನ ಸಮಾಧಾನಕ್ಕಂತ ಏನೂ ಬರೀಬ್ಯಾಡ್ರಿ.

ದುಂಡವ್ವ
ಬರೆದವನು ವಿಠೋಬ. ಒಂದಕ್ಷರವನ್ನೂ ಕತ್ತರಿಸಿಲ್ಲ.

•

ಉಮದಿ
೮ ಫೆಬ್ರುವರಿ ೧೯೪೯

ಅವ್ವಾ,

ನನಗೆ ಗೊತ್ತಿದೆ. ಅಂಬಿಗ ಸೋಮನಿಂಗಪ್ಪ ಹೇಳಿದ ಒಂದು ಮಾತನ್ನು ನಾನು ನಿಮಗೆ ಬರೆಯಲಿಲ್ಲ, ಗುಡಿಯ ಮುಂದೆಯೂ ಹೇಳಲಿಲ್ಲ. ಅದನ್ನು ಬಾಯಿಗೆ ತರುವ ಶಕ್ತಿ ನನಗಿರಲಿಲ್ಲ. ನಿಮ್ಮ ಸಮಾಧಾನಕ್ಕೆಂದು ಕಟ್ಟಿದ್ದಲ್ಲ ಇದು. ನಾನು ಬದುಕಿರುವ ತನಕ ನನ್ನನ್ನು ನೆಮ್ಮದಿಯಾಗಿ ಉಣಗೊಡದ ಮಾತು, ಬೇಕಾದರೆ ಲಗಮಣ್ಣ ಹೋಗಿ ಅವನನ್ನೇ ಕೇಳಲಿ.

ಶನಿವಾರ ಅಂಬಿಗ ಮತ್ತೊಮ್ಮೆ ಅವನನ್ನು ಕರೆದು ನೋಡೋಣವೆಂದು ಹರಿಗೋಲು ಹಾಕಿಕೊಂಡು ಬರುತ್ತಿದ್ದ. ನಡುನೀರಿನಲ್ಲಿದ್ದ. ಆಗ ನಾಲ್ಕೈದು ಜನ ಬಂದೂಕಿನವರು ಕಾಲುನಡಿಗೆಯಲ್ಲಿ ಜಾಲಿಗಿಡದ ಮರೆಯಿಂದ ಬಂದರು. ಗಿಡದ ಕೆಳಗೆ ಕೂತಿದ್ದ ಅಮೋಗಸಿದ್ದನಿಗೆ ಮೊದಲು ಕೇಳಿಸಿದ್ದು ಅವರ ಕಾಲಿನ ಸಪ್ಪಳ ಮಾತ್ರ.

ಅವನು ದಡಕ್ಕನೆ ಎದ್ದು ನಿಂತ. ನಗುತ್ತಿದ್ದ ಎನ್ನುತ್ತಾನೆ ಅಂಬಿಗ. ಎರಡೂ ಕೈ ಮೇಲೆತ್ತಿ ಬೀಸಿ, 'ಇಲ್ಲಿದೀನ್ರಿ ಮಾಸ್ತರ್ರ' ಎಂದು ಕೂಗಿದ. ಆ ಕೂಗಿನ ಮೇಲೇ ಗುಂಡು ಬಿತ್ತು.

ಅವ್ವಾ, ಅವನಿಗೆ ತಿಳಿಯಲಿಲ್ಲ.

ಅಣ್ಣಾರಾಯ